ಓತಿಮನೆಯ ನಲ್ಲಿ

ಮೃಗಾಲಯದಲ್ಲಿ ಅವನನ್ನು ಎಲ್ಲರೂ ಓತಿ ತಾತ ಎನ್ನುತ್ತಿದ್ದರು. ಹುಲಿ ನೋಡಿಕೊಳ್ಳುವವನಿಗೂ ಇಲ್ಲದ ಗತ್ತು ಅವನಿಗಿತ್ತು. ಸಾಕಿದ್ದು ಮಾತ್ರ ಕಾಡು ಓತಿಗಳನ್ನು. ಮಳೆಕಾಡಿನ ಮರಕ್ಕೆ ಅಂಟಿಕೊಂಡು ಬದುಕುವ, ಬೆನ್ನುದ್ದಕ್ಕೂ ಗರಗಸದಂಥ ಮುಳ್ಳಿರುವ ಒಂದೇ ಕುಲದ ಮೂರು ಜಾತಿ, ಮೂರು ಗಾಜಿನ ಗೂಡು. ಒಂದರ ಕಣ್ಣು ನೀಲಿ, ಒಂದರ ಗಂಟಲು ಕೆಂಪು, ಮೂರನೆಯದು ತಲೆಯ ಮೇಲೆ ಜುಟ್ಟೆದ್ದ ಬೆಟ್ಟದ ಓತಿ. ಜನ ಹತ್ತಿರ ಬಂದರೆ ಕೊಂಬೆಯ ಆಚೆ ಬದಿಗೆ ಮೆಲ್ಲಗೆ ಸರಿದುಬಿಡುತ್ತಿದ್ದವು. ಟಿಕೆಟ್ ಕೊಂಡು ಬಂದವರು ಬರೀ ಕೊಂಬೆ ನೋಡಿ, ಬೈದು ಹೋಗುತ್ತಿದ್ದರು. ಇವನ ಕೈ ಕಂಡರೆ ಮಾತ್ರ ಈಚೆ ಬರುತ್ತಿದ್ದವು. ಅದೇ ಅವನ ಬದುಕಿನ ಹೆಮ್ಮೆ. ಹೆಂಡತಿ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗಲೂ ಮೊದಲು ಓತಿಗಳಿಗೆ ಮಿಡತೆ ಹಾಕಿ ಆಮೇಲೆ ಅತ್ತ ಹೋದ ಪುಣ್ಯಾತ್ಮ.

ನಿವೃತ್ತಿ ಹತ್ತಿರವಾದಾಗ, ಇನ್ನಷ್ಟು ದಿನ ಇಟ್ಟುಕೊಳ್ಳಿ ಎಂದು ಸಾಹೇಬರ ಮುಂದೆ ಹಲ್ಲು ಗಿಂಜಿದ. ಸಾಹೇಬರು ಆ ಕೆಲಸವನ್ನು ಅವನ ಸೊಸೆಗೆ ಕೊಟ್ಟರು.

"ಗಂಡನ್ನ ಕಳ್ಕೊಂಡ ಹುಡುಗಿ, ಚಿಕ್ಕ ಮಗು ಬೇರೆ. ಕೆಲಸ ನಿಮ್ಮನೇಲೇ ಉಳೀತಲ್ಲ, ಖುಷಿ ಪಡಿ ತಾತ" ಎಂದರು.

ಖುಷಿಯಂತೆ ಖುಷಿ! ಅವನ ಒಬ್ಬನೇ ಮಗ ಇವಳನ್ನು ತವರಿನಿಂದ ಕರೆತರಲು ಹೊರಟಿದ್ದಾಗಲೇ ಲಾರಿಯ ಅಡಿಗೆ ಬಿದ್ದಿದ್ದು. ಅಂದಿನಿಂದ ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದ, ಅವಳ ಮುಖ ಮಾತ್ರ ನೋಡುತ್ತಿರಲಿಲ್ಲ. ಮಗನನ್ನು ನುಂಗಿದವಳು ಈಗ ಓತಿಮನೆಗೂ ಕಾಲಿಟ್ಟಳು ಎಂದು ಒಳಗೊಳಗೇ ಕುದಿದ.

ಆದರೂ ಕೆಲಸ ಕಲಿಸಿದ. ಮಿಡತೆ ಎಷ್ಟು, ದೀಪ ಯಾವಾಗ, ಕೊಂಬೆ ಹೇಗೆ, ಎಲ್ಲವನ್ನೂ ಹೇಳಿದ. ಒಂದನ್ನು ಬಿಟ್ಟು. ಈ ಪ್ರಾಣಿಗಳಿಗೆ ನಿಂತ ನೀರು ನೀರೆಂದೇ ತಿಳಿಯದು. ಎಲೆಯ ಮೇಲೆ ತೊಟ್ಟಿಕ್ಕುವ ಹನಿಯನ್ನಷ್ಟೇ ನೆಕ್ಕಿ ಕುಡಿಯುತ್ತವೆ. ಅದಕ್ಕೆಂದೇ ಅವನು ಗೂಡಿನ ಹಿಂದಿನ ನಲ್ಲಿಯಿಂದ ಸಣ್ಣ ಪೈಪು ಎಳೆದಿದ್ದ. ಸೊಸೆ ಮಗಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ನಲ್ಲಿ ತಿರುಗಿಸಿ, ಎಲ್ಲಕ್ಕೂ ಕುಡಿಸಿ, ಎಲೆಗಳನ್ನು ಒರೆಸಿಟ್ಟಿರುತ್ತಿದ್ದ.

"ಆ ನಲ್ಲಿ ಕೆಟ್ಟಿದೆ, ಮುಟ್ಬೇಡ. ಬಟ್ಟಲು ತುಂಬ ನೀರಿಡು, ಸಾಕು. ಒಂದು ಹನಿ ಎಲೆ ಮೇಲೆ ಬಿದ್ರೂ ಬೂಷ್ಟು ಹಿಡಿದು ಸಾಯ್ತವೆ" ಎಂದ.

"ಆಯ್ತು ಮಾವ" ಎಂದಳು. ಮಾವ ತನ್ನೊಡನೆ ಇಷ್ಟು ಮಾತಾಡಿದ್ದೇ ಹೆಚ್ಚೆಂದುಕೊಂಡಳು, ಪಾಪ.

ಅವನ ಲೆಕ್ಕಾಚಾರ ಸರಳವಾಗಿತ್ತು: ನಾಲ್ಕಾರು ಸಾಯಬೇಕು, ಇವಳಿಂದಾಗದು ಎಂದು ಸಾಹೇಬರು ತನ್ನನ್ನೇ ಕರೆಸಬೇಕು.

ಅವನು ನಿವೃತ್ತನಾಗಿ ಮನೆ ಸೇರಿದ ಮೇಲೆ ನೀಲಿಗಣ್ಣಿನವು ಕಣ್ಣು ಗುಳಿಬಿದ್ದು ಒಂದೊಂದೇ ಕೆಳಗುರುಳಿದವು. ಆಮೇಲೆ ಕೆಂಪು ಗಂಟಲಿನವು. ಡಾಕ್ಟರಿಗೆ ಆನೆ, ಹುಲಿ ಬಿಟ್ಟರೆ ಬೇರೆಯದಕ್ಕೆ ಪುರುಸೊತ್ತಿಲ್ಲ. ತುಂಬಿದ ಬಟ್ಟಲಿನ ಪಕ್ಕದಲ್ಲೇ ಅವು ಬಾಯಾರಿ ಸಾಯುತ್ತಿದ್ದವು. ಸೊಸೆ ಊಟ ಬಡಿಸುತ್ತಾ ಅತ್ತೇಬಿಟ್ಟಳು.

"ನನ್ನ ತಪ್ಪೇನು ಮಾವ? ನೀವು ಹೇಳಿದ್ದನ್ನ ಚಾಚೂ ತಪ್ಪದೆ ಮಾಡ್ತಿದೀನಿ. ಕೆಲಸ ಹೋದ್ರೆ ಮಗೂನ ಹೇಗೆ ಸಾಕ್ಲಿ?"

ಅವನು ಇನ್ನೊಂದಿಷ್ಟು ಬಡಿಸಿಕೊಂಡು ಚಪ್ಪರಿಸಿ ಉಂಡ. "ಕೈಗುಣ ಅಂತ ಒಂದಿರತ್ತೆ. ಅದು ನಿನಗಿಲ್ಲ" ಎಂದ.

ಕೊನೆಗೆ ಉಳಿದದ್ದು ಬೆಟ್ಟದ ಜಾತಿಯ ಒಂದೇ ಹೆಣ್ಣು, ಹೊಟ್ಟೆ ತುಂಬ ಮೊಟ್ಟೆ. ಸಾಹೇಬರು ಅವನನ್ನು ಕರೆಸಿದರು. "ಇದೊಂದನ್ನ ಉಳಿಸಿಕೊಡಿ, ಕೆಲಸ ನಿಮ್ಮದೇ. ಒಂದು ಸುತ್ತು ಹಾಕ್ಕೊಂಡು ಬರ್ತೀನಿ" ಎಂದು ಹೋದರು.

ಮಿಡತೆ ತರಿಸುವ ನೆಪದಲ್ಲಿ ಸೊಸೆಯನ್ನು ಆಚೆ ಕಳಿಸಿ, ಹಿಂದಕ್ಕೆ ಹೋಗಿ ನಲ್ಲಿ ತಿರುಗಿಸಿದ. ಹನಿ ಬಿತ್ತು. ಸತ್ತಂತಿದ್ದ ಓತಿ ಕತ್ತೆತ್ತಿ ಎಲೆ ನೆಕ್ಕಿತು. ಇನ್ನೊಂದು ಹನಿ, ಮತ್ತೆ ನೆಕ್ಕಿತು. ಅವನಿಗೆ ಆನಂದಕ್ಕೆ ಕಣ್ಣು ತುಂಬಿತು. ಮಿಡತೆಯ ಡಬ್ಬಿ ಹಿಡಿದು ಸೊಸೆ ಹಿಂದೆಯೇ ನಿಂತಿದ್ದು ತಿಳಿಯಲಿಲ್ಲ.

"ಕೆಟ್ಟಿದೆ ಅಂದಿದ್ರಿ" ಎಂದಳು.

ಅವಳು ಓತಿಯ ನಾಲಿಗೆಯನ್ನೂ, ತುಂಬಿದ ಬಟ್ಟಲನ್ನೂ, ಮಾವನ ಮುಖವನ್ನೂ ನೋಡಿದಳು. ಕೈ ಚಾಚಿ ನಲ್ಲಿ ನಿಲ್ಲಿಸಿದಳು.

"ಬಿಡೇ, ಕುಡೀಲಿ. ನಿನ್ನ ದಮ್ಮಯ್ಯ."

"ಸಾಹೇಬ್ರು ಬರ್ಲಿ, ಅವರೆದುರಿಗೇ ಬಿಡಿ. ಇಷ್ಟು ದಿನ ಯಾಕೆ ಬಿಡಿಸ್ಲಿಲ್ಲ ಅಂತ ಅವರಿಗೇ ಹೇಳಿ."

ಸಾಹೇಬರು ಬಂದರು. "ಏನು ತಾತ, ಗೊತ್ತಾಯ್ತಾ?"

ಹೇಳಿದರೆ ಸತ್ತ ಓತಿಗಳೆಲ್ಲ ಅವನ ತಲೆಗೇ ಬರುತ್ತವೆ. ಪಿಂಚಣಿ ಹೋಗುತ್ತದೆ, ಮಾನ ಹೋಗುತ್ತದೆ. ಓತಿ ಒಣ ಎಲೆಗೆ ನಾಲಿಗೆ ಚಾಚುತ್ತಿತ್ತು. ಅವನು ಕಣ್ಣು ತಪ್ಪಿಸಿದ.

"ಇಲ್ಲ ಸಾರ್. ಯಾವುದೋ ರೋಗ."

"ಇಷ್ಟು ವರ್ಷ ನಿಮ್ಮನ್ನ ಇಟ್ಕೊಂಡಿದ್ದೇ ದಂಡ" ಎಂದು ಸಾಹೇಬರು ಸೊಸೆಯತ್ತ ತಿರುಗಿದರು. "ನೀನೇ ಇನ್ನೊಂದು ಸಲ ಪ್ರಯತ್ನ ಮಾಡ್ತೀಯೇನಮ್ಮ?"

"ಮಾಡ್ತೀನಿ ಸಾರ್. ಆದ್ರೆ ಮಾವ ಇನ್ನು ಇಲ್ಲಿಗೆ ಬರೋದು ಬೇಡ. ಆ ರೋಗ ಅವರ ಕೈಯಿಂದಲೇ ಹತ್ತಿರಬಹುದು."

ಅಂದೇ ಗೇಟಿನವನಿಗೆ ಹುಕುಂ ಹೋಯಿತು. ಮುಂದೊಂದು ದಿನ ಎಲ್ಲರಂತೆ ಟಿಕೆಟ್ ಕೊಂಡು ಸಾಲಿನಲ್ಲಿ ನಿಂತ. ಗೇಟಿನವನು ನಾಲ್ಕು ಜನರೆದುರು ಅವನನ್ನು ವಾಪಸ್ ಕಳಿಸಿದ.

ಹೆಣ್ಣು ಓತಿ ಬದುಕಿತು. ಮೊಟ್ಟೆ ಒಡೆದು ಮರಿಗಳು ಬಂದ ಸುದ್ದಿಯನ್ನು ಸೊಸೆ ಊಟಕ್ಕೆ ಕೂತಾಗ ಮಗಳಿಗೆ ಹೇಳಿದಳು, ಅವನಿಗೆ ಕೇಳಿಸುವಂತೆ. ಕಡ್ಡಿಯಷ್ಟು ಸಣ್ಣವು, ಆಗಲೇ ಕೊಂಬೆಯ ಆಚೆ ಬದಿಗೆ ಅಡಗುತ್ತವಂತೆ. ಅವನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

"ತಾತಂಗೂ ತೋರಿಸೋಣ ಅಮ್ಮಾ" ಎಂದು ಮೊಮ್ಮಗಳು ಅವನ ತೊಡೆ ಏರಿದಳು. ಮನೆಯಲ್ಲಿ ಅವನನ್ನು ಮುಟ್ಟುತ್ತಿದ್ದ ಜೀವ ಅದೊಂದೇ.

"ಬೇಡ ಪುಟ್ಟಿ. ತಾತನ ಕೈಯಲ್ಲಿ ರೋಗ ಇದೆ" ಎಂದಳು ಸೊಸೆ.

ಮಗು ಅವನ ಕೈಯನ್ನು ನೋಡಿತು. ನೋಡಿ, ತೊಡೆಯಿಂದ ಇಳಿದು, ಅಮ್ಮನ ಆಚೆ ಬದಿಗೆ ಹೋಗಿ ಕೂತಿತು.