ಜಿನ್ ಕಾರ್ಖಾನೆಯಲ್ಲಿ ನನಗೆ ಶರಬತ್ತು

ಸ್ನೇಹಿತರೇ, ಇವತ್ತು ಕೆ.ಆರ್. ನಗರದ ಕಡೆ ಜಿನ್ ಕಾರ್ಖಾನೆಗಳನ್ನು ನೋಡುವ ಪ್ರವಾಸಕ್ಕೆ ಹೋಗಿದ್ದೆ. ಮೊದಲ ಕಾರ್ಖಾನೆಯಲ್ಲೇ ಗೈಡ್ ಗಂಡಸರಿಗೆಲ್ಲ ರುಚಿ ನೋಡಲು ಜಿನ್ ಕೊಟ್ಟು, ನನ್ನ ಮುಂದೆ ನಿಂಬೆ ಶರಬತ್ತು ಇಟ್ಟ. "ಲೇಡೀಸ್‌ಗೆ ಇದು, ಮೇಡಂ."

ನನಗೂ ಜಿನ್ ಬೇಕಿತ್ತು. ನಲವತ್ತು ದಾಟಿದರೂ ಕೇಳಲು ಬಾಯಿ ಬರಲಿಲ್ಲ, ಯಾಕೋ. ಸುಮ್ಮನೆ ಶರಬತ್ತು ಹೀರಿದೆ.

ಪಕ್ಕದಲ್ಲಿ ಬಾಟಲಿಗೆ ಚೀಟಿ ಅಂಟಿಸುತ್ತಿದ್ದ ಜವರಮ್ಮ ಎಂಬ ಹೆಂಗಸು ತಲೆಯೆತ್ತಿ ಗೈಡನ್ನು ಗದರಿದಳು. "ಪಿತೃಪಕ್ಷಕ್ಕೆ ನಮ್ಮಜ್ಜಿ ಎಡೆಗೂ ಬ್ರಾಂದಿ ಮಡಗ್ತೀವಿ ಕಣ್ಲಾ. ಸತ್ತೋಳು ಕುಡೀಬೌದು, ಬದುಕಿರೋ ಈವಮ್ಮ ಕುಡೀಬಾರ್ದಾ? ಉಯ್ಯಲಾ!"

ಗೈಡ್ ನಗುತ್ತ ಸುರಿದ.

ನಿಜ ಹೇಳಲೇ? ಶರಬತ್ತೇ ಚೆನ್ನಾಗಿತ್ತು. ಆದರೆ ಜವರಮ್ಮ ನೋಡುತ್ತಿದ್ದಳು. ಒಂದು ಹನಿಯೂ ಬಿಡದೆ ಕುಡಿದೆ.