ಅಕ್ಕೋರ ಕಾರಿಗೊಂದು ಕ್ಲಚ್ಚು

ಸುಟ್ಟ ಕ್ಲಚ್ಚಿನ ವಾಸನೆ ಒಮ್ಮೆ ಮೂಗಿಗೆ ಹತ್ತಿತೆಂದರೆ ಅಂಗಿ ಬದಲಿಸಿದರೂ ಹೋಗುವುದಿಲ್ಲ. ಅದು ಸೀದ ರಬ್ಬರಿನದೂ ಅಲ್ಲ, ಸುಟ್ಟ ಎಣ್ಣೆಯದೂ ಅಲ್ಲ. ಹಳೆಯ ಬಟ್ಟೆಯನ್ನು ಕಾದ ಕಬ್ಬಿಣದ ಮೇಲಿಟ್ಟು ಮರೆತಂಥ ಒಂದು ಘಾಟು. ಹೋದ ವಾರ ಅಂಕೋಲೆ ಹತ್ತಿರದ ಬಾಳೆಗುಳಿಯ ನನ್ನ ಗ್ಯಾರೇಜಿನ ಮುಂದೆ ಕಪ್ಪು ಕಾರೊಂದು ಹಾಗೆ ನಾರುತ್ತ ಬಂದು ನಿಂತಿತು. ಅರಬೈಲು ಘಟ್ಟ ಹತ್ತಲಾರದೆ ಅರ್ಧದಿಂದ ತಿರುಗಿಸಿಕೊಂಡು ಬಂದಿತ್ತು. ಎಂಜಿನ್ನಿಗೆ ಕೆಲಸ ಮಾಡಿಸಿ ಎಳೆತ ಹೆಚ್ಚಿಸಿಕೊಂಡಿದ್ದೇನೆ ಎಂದು ಕಾರಿನವರು ತುಸು ಹೆಮ್ಮೆಯಿಂದಲೇ ಹೇಳಿದರು. ನಾನಿನ್ನೂ ಬಾನೆಟ್ ಎತ್ತಿರಲಿಲ್ಲ. ಅಷ್ಟರಲ್ಲೇ ಅಕ್ಕೋರು ನೆನಪಾದರು...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. ಹಿಲ್ಲೂರಿನ ನಮ್ಮ ಶಾಲೆಗೆ ಅವರು ಬಂದಾಗ ನಾನು ಐದನೆಯ ಇಯತ್ತೆ. ಸದಾಶಿವಗಡದ ಮೀನುಗಾರರ ಮನೆಯವರು, ಮನೆಮಾತು ಕೊಂಕಣಿ. ಸೋಮವಾರ ಬೆಳಿಗ್ಗೆ ಬಂದರೆ ಶನಿವಾರ ಮಧ್ಯಾಹ್ನ ಊರಿಗೆ ಹೊರಡುತ್ತಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಮೊಪೆಡ್ ಮೇಲೆ ಬರುತ್ತಿದ್ದ ಅವರನ್ನು ನೋಡಲು ಊರವರು ಗದ್ದೆಯಲ್ಲಿ ಬಗ್ಗಿದವರು ಎದ್ದು ನಿಲ್ಲುತ್ತಿದ್ದರು. ಕಾಡುದಾರಿಯ ಧೂಳಿಗೆ ಆ ಗಾಡಿ ಆಗಾಗ ಮುಷ್ಕರ ಹೂಡುತ್ತಿತ್ತು. ಅದರ ಪ್ಲಗ್ ಬಿಚ್ಚಿ, ಉಜ್ಜಿ, ಮತ್ತೆ ಹಾಕುವುದನ್ನು ನನಗೆ ಕಲಿಸಿದವರು ಅವರೇ. ಭಾಗಾಕಾರವನ್ನೂ ಅವರೇ ಕಲಿಸಿದರು. ಪ್ಲಗ್ಗಿನದು ಬೇಗ ತಲೆಗೆ ಹತ್ತಿತು.

ನಾಲ್ಕು ವರ್ಷದ ಮೇಲೆ ಅವರಿಗೆ ಕಾರವಾರದ ಕಡೆ ವರ್ಗವಾಯಿತು. ಆಮೇಲೆ ಮೂವತ್ತು ವರ್ಷ ನಾನು ಅವರನ್ನು ನೋಡಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಗ್ಯಾರೇಜಿಗೆ ಬೂದು ಬಣ್ಣದ ಡೀಸೆಲ್ ಕಾರೊಂದು ಬಂತು. ನೋಡಲು ತೀರ ಸಾಧಾರಣ ಕಾರು, ಆದರೆ ಸದ್ದು ಸಾಧಾರಣದ್ದಲ್ಲ. ಎದೆಯೊಳಗಿಂದ ಬಂದಂಥ ದಪ್ಪ ಸದ್ದು. ಇಳಿದವರು ಬಿಳಿಗೂದಲಿನ ಹೆಂಗಸು. ಬಲಗಾಲನ್ನು ಮೊದಲು ನೆಲಕ್ಕೂರಿ, ಎಡಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದರು. ನಾನು ಗುರುತು ಹಿಡಿಯಲಿಲ್ಲ. ಅವರೇ ನನ್ನ ಮುಖ ದಿಟ್ಟಿಸಿ, ನೀನು ಹಿಲ್ಲೂರಿನವನಲ್ಲವೇನೋ ಎಂದು ಕೇಳಿದರು. ಕೈಯೆಲ್ಲ ಗ್ರೀಸಾಗಿದ್ದರಿಂದ ಮೊಣಕೈಯಿಂದಲೇ ಅವರ ಕಾಲು ಮುಟ್ಟಿದೆ.

ಯಲ್ಲಾಪುರದಲ್ಲಿದ್ದ ಹಳೆಯ ಜೊತೆಗಾತಿಯನ್ನು ನೋಡಲು ಹೊರಟಿದ್ದರಂತೆ. ಘಟ್ಟದಲ್ಲಿ ಎಂಜಿನ್ ಅಬ್ಬರಿಸುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ, ವಾಸನೆ ಬೇರೆ ಎಂದರು. ನಾನು ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆದು ಬಂದೆ. ನಾಲ್ಕನೆಯ ಗೇರಿನಲ್ಲಿ ಜೋರಾಗಿ ಒತ್ತಿದರೆ ಎಂಜಿನ್ ಒಮ್ಮೆಲೇ ಮೇಲೇರುತ್ತಿತ್ತು, ಗಾಲಿಗೆ ಅದರ ಸುದ್ದಿಯೇ ಇಲ್ಲ. ಕ್ಲಚ್ ಜಾರುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಬೇರೆಯದು, ಕೊಳವೆಗಳು ಬೇರೆಯವು, ಒಂದೊಂದು ಕ್ಲಿಪ್ಪೂ ಅಳತೆ ಹಿಡಿದು ಕೂರಿಸಿದ್ದು. ಕಂಪನಿ ಕೊಟ್ಟದ್ದಕ್ಕಿಂತ ಒಂದೂವರೆ ಪಟ್ಟು ಎಳೆತವಾದರೂ ಇದ್ದೀತು. ಅಷ್ಟನ್ನು ಹಿಡಿದು ಗಾಲಿಗೆ ದಾಟಿಸುವ ತ್ರಾಣ ಕಂಪನಿಯ ಕ್ಲಚ್ಚಿಗಿರಲಿಲ್ಲ.

ಯಾರು ಮಾಡಿದ್ದು ಎಂದು ಕೇಳಿದೆ. ತಮ್ಮ ಎಂದರು. ಅಕ್ಕೋರಿಗಿಂತ ಹದಿನಾರು ವರ್ಷ ಚಿಕ್ಕವನು. ಅವನ ಬಾಣಂತನದಲ್ಲೇ ತಾಯಿ ತೀರಿಕೊಂಡಿದ್ದರಿಂದ ಅಕ್ಕೋರೇ ಎತ್ತಿ ಆಡಿಸಿ ಬೆಳೆಸಿದ್ದರು. ಮದುವೆ ಅಂತ ಯೋಚಿಸಲು ಅವರಿಗೆ ಪುರುಸೊತ್ತಾಗಲಿಲ್ಲ. ತಮ್ಮ ಗೋವಾದಲ್ಲಿ ಕಾರುಗಳ ಎಳೆತ ಹೆಚ್ಚಿಸುವ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ. ಮೂರು ವರ್ಷ ಬಿಡುವಿದ್ದಾಗಲೆಲ್ಲ ಈ ಕಾರಿನ ಮೇಲೆ ಕೂತು, ಇನ್ನು ಕ್ಲಚ್ ಒಂದು ಬಾಕಿ ಅನ್ನುವಾಗ... ಆ ಮಳೆಗಾಲ ಕಾಮಾಲೆಯಾಯಿತಂತೆ. ಹನ್ನೊಂದೇ ದಿನಕ್ಕೆ ಹೋಗಿಬಿಟ್ಟ. ಅಕ್ಕೋರು ಇದನ್ನು ಹಾಜರಿ ಓದಿದ ಹಾಗೆ ಹೇಳಿದರು.

ನಾನು ನನಗೆ ತಿಳಿದ ಸುಲಭದ ದಾರಿ ಹೇಳಿದೆ. “ಅಕ್ಕೋರೆ, ಎಂಜಿನ್ ಮೊದ್ಲಿನ ಹಂಗೆ ಮಾಡಿಬಿಟ್ರೆ ಆಯ್ತು. ಸಾದಾ ಕ್ಲಚ್ಚೇ ಹತ್ತು ವರ್ಷ ಬರ್ತದೆ.”

ಅವರು ಕಾರಿನ ಕಡೆ ನೋಡುತ್ತಿದ್ದರು. “ಎಂಜಿನ್ ಮುಟ್ಟೂದು ಬೇಡ. ಅದು ಅಂವ ಮಾಡಿದ್ದು. ಅದ್ನ ತಡಕೊಳ್ಳೂ ಕ್ಲಚ್ ಹುಡ್ಕು ನೀನು.”

ಹುಡುಕಿದೆ. ಕಾರವಾರದ ಬಿಡಿಭಾಗದ ಅಂಗಡಿಗಳಲ್ಲಿ ಅಂಥದ್ದು ಇರುವುದೇ ಇಲ್ಲವೆಂದರು. ಕೊನೆಗೆ ಗೋವಾದಿಂದ ರೇಸಿನ ಕಾರಿಗೆ ಹಾಕುವ ಕ್ಲಚ್ ತರಿಸಿದೆ. ಬಲವಾದ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್, ಬಟ್ಟೆಯಂಥ ಲೈನಿಂಗಿನ ಬದಲು ಲೋಹದ ಬಿಲ್ಲೆಗಳಿರುವ ಕ್ಲಚ್ ಪ್ಲೇಟ್. ಕೂರಿಸಿ ಓಡಿಸಿದರೆ ಎಂಜಿನ್ನಿನ ಎಳೆತವನ್ನು ಒಂದಿಷ್ಟೂ ಜಾರದೆ ಹಿಡಿಯಿತು. ಗೆದ್ದೆ ಅಂದುಕೊಂಡೆ. ಅಕ್ಕೋರನ್ನು ಕರೆಸಿದೆ.

ಅವರು ಕೂತು ಪೆಡಲ್ ಒತ್ತಿದರು. ಅರ್ಧಕ್ಕೆ ನಿಂತಿತು. ಎರಡೂ ಕೈಯಿಂದ ಮಂಡಿಯನ್ನು ಅದುಮಿ ಮತ್ತೆ ಒತ್ತಿದರು. ಕೊನೆಗೂ ಗೇರ್ ಹಾಕಿ ಕಾಲು ಸಡಿಲಿಸುವಾಗ ಕಾರು ಗಡಗಡ ನಡುಗಿ ಮುಂದಕ್ಕೆ ಹಾರಿ ಆಫಾಯಿತು. ಮೂರು ಸಲ ಹೀಗೇ. ನಾಲ್ಕನೆಯ ಸಲ ಅವರು ಒತ್ತಲಿಲ್ಲ. ಕೀಲಿ ತೆಗೆದು ನನ್ನ ಕೈಗಿಟ್ಟು, ಅವಸರವೇನಿಲ್ಲ, ಇಲ್ಲೇ ಇರಲಿ ಎಂದರು. ರಸ್ತೆ ದಾಟಿ ಕಾರವಾರದ ಬಸ್ಸಿಗೆ ನಿಂತರು. ಅವರ ಮಂಡಿ ನೋವನ್ನು ನಾನು ಮೊದಲ ದಿನವೇ ಕಣ್ಣಾರೆ ಕಂಡಿದ್ದೆ. ಕ್ಲಚ್ ಆರಿಸುವಾಗ ಅದೊಂದನ್ನು ಬಿಟ್ಟು ಉಳಿದೆಲ್ಲ ಲೆಕ್ಕ ಹಾಕಿದ್ದೆ. ಬಸ್ಸು ಬರುವ ತನಕ ಅವರತ್ತ ನೋಡಲು ನನಗೆ ಮುಖವಿರಲಿಲ್ಲ.

ಕಾರು ಒಂದು ತಿಂಗಳು ನನ್ನ ಶೆಡ್ಡಿನಲ್ಲಿ ಉಳಿಯಿತು. ಆಗಲೇ ನನಗೆ ಆ ಬುದ್ಧಿ ಬಂದದ್ದು. ಎಂಜಿನ್ನನ್ನು ಗುಟ್ಟಾಗಿ ಮೊದಲಿನಂತೆ ಮಾಡಿಸಿ, ಸಾದಾ ಕ್ಲಚ್ ಹಾಕಿ, ಹೊಸದು ಸಿಕ್ಕಿತು ಎಂದುಬಿಡುವುದು. ಅವರು ನಿಧಾನ ಓಡಿಸುವವರು. ಪೆಡಲ್ ಹಗುರವಾದರೆ ಸಾಕು, ಉಳಿದದ್ದು ಗೊತ್ತಾಗುವುದಿಲ್ಲ. ಇಷ್ಟಕ್ಕೂ ಅವರ ಒಳ್ಳೆಯದಕ್ಕೇ ತಾನೆ? ಲ್ಯಾಪ್‌ಟಾಪ್ ಜೋಡಿಸಿ ಅಂಥ ಕೆಲಸ ಮಾಡುವ ಒಬ್ಬರನ್ನು ಹುಬ್ಬಳ್ಳಿಯಿಂದ ಬರಹೇಳಿದೆ. ಗುರುವಾರ ಬರುತ್ತೇನೆ ಎಂದರು.

ಬುಧವಾರ ಮಧ್ಯಾಹ್ನ ಏನನ್ನಿಸಿತೋ, ಕಾರು ತೆಗೆದುಕೊಂಡು ಹಿಲ್ಲೂರಿನ ದಾರಿ ಹಿಡಿದೆ. ಆ ಒರಟು ಕ್ಲಚ್ಚಿನಲ್ಲೇ, ಮೊದಲ ಬಾರಿಗೆ ಆ ಎಂಜಿನ್ನನ್ನು ಮನಸ್ಸಿಟ್ಟು ಓಡಿಸಿದೆ. ಎಳೆತ ಹೆಚ್ಚಿಸಿದ ಕಾರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೊಗೆ ಕಾರುತ್ತವೆ, ಒಮ್ಮೆಲೇ ಹುಚ್ಚು ಹಿಡಿದಂತೆ ನೆಗೆಯುತ್ತವೆ. ಇದು ಹಾಗಿರಲಿಲ್ಲ. ಏರು ಬಂದಾಗ ಕೇಳುವ ಮೊದಲೇ ಕೊಡುತ್ತಿತ್ತು. ಎಲ್ಲೂ ಎಳೆದಾಟವಿಲ್ಲ, ಕನ್ನಡಿಯಲ್ಲಿ ಹೊಗೆಯ ಗೆರೆಯಿಲ್ಲ. ಕಡಲಿನ ಭರತದ ಹೊತ್ತಿಗೆ ಹೊಳೆಯ ನೀರು ಏರಿದ ಹಾಗೆ ಶಕ್ತಿ ತುಂಬಿಕೊಳ್ಳುತ್ತಿತ್ತು. ಇದನ್ನು ಮಾಡಿದವ ಎಷ್ಟು ಸಲ ಬಿಚ್ಚಿ, ಎಷ್ಟು ಸಲ ಮತ್ತೆ ಜೋಡಿಸಿರಬೇಕು... ನಾನು ಕಂಡೇ ಇರದ ಆ ತಮ್ಮ ನನಗಿಂತ ಒಳ್ಳೆಯ ಕೆಲಸಗಾರ ಎಂದು ಆ ದಾರಿಯಲ್ಲಿ ನನಗೆ ಗೊತ್ತಾಯಿತು. ತಿರುಗಿ ಬಂದು ಹುಬ್ಬಳ್ಳಿಯವರಿಗೆ ಬರುವುದು ಬೇಡವೆಂದು ತಿಳಿಸಿದೆ.

ದಾರಿ ತೋರಿಸಿದವರು ಕಾರವಾರ ಬಂದರಿನ ಹತ್ತಿರ ಬೋಟಿನ ಎಂಜಿನ್ನುಗಳಿಗೆ ಲೇತ್ ಕೆಲಸ ಮಾಡುವ ಮುದುಕರೊಬ್ಬರು. ಬೇರೆ ಕೆಲಸಕ್ಕೆ ಹೋದವ ಸುಮ್ಮನೆ ಕಷ್ಟ ಹೇಳಿಕೊಂಡೆ. ಅವರು ಲೇತ್ ನಿಲ್ಲಿಸಲೂ ಇಲ್ಲ. “ಅಷ್ಟು ಗಟ್ಟಿ ಒತ್ತೂದು ಯಾಕೆ? ದೊಡ್ಡ ಪ್ಲೇಟ್ ಹಾಕು. ಬೋಟಿಗೆ ನಾವು ಹಂಗೇ ಮಾಡೂದು.”

ಇಷ್ಟು ಸರಳ. ಸ್ಪ್ರಿಂಗ್ ಬಿಗಿಯಾದಷ್ಟೂ ಪೆಡಲ್ ಭಾರ. ಅದೇ ಪ್ಲೇಟಿನ ಅಗಲ ಹೆಚ್ಚಿದರೆ ಹದವಾದ ಸ್ಪ್ರಿಂಗೂ ಹೆಚ್ಚು ಎಳೆತ ಹಿಡಿಯುತ್ತದೆ. ಆ ಕಾರಿನ ಕಂಪನಿಯದೇ ಸಾಮಾನು ಸಾಗಿಸುವ ವ್ಯಾನಿಗೆ ಒಂದು ಅಗಲದ ಕ್ಲಚ್ ಬರುತ್ತದೆ. ಅದರ ಪ್ಲೇಟ್ ತಂದು ಕಾರಿನ ಗೇರ್ ಬಾಕ್ಸಿನ ದಂಡಕ್ಕೆ ತೂರಿಸಿ ನೋಡಿದೆ. ಹಲ್ಲಿಗೆ ಹಲ್ಲು ಕೂತಿತು. ಹೊರಕವಚದೊಳಗೆ ಒಂದು ಬೆರಳು ತೂರುವಷ್ಟು ಜಾಗ ಉಳಿಯಿತು. ಕ್ಲಚ್ ಕೂರುವ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಮುದುಕರು ಹೊಸ ತೂತು ಕೊರೆದು ಮೈ ನುಣುಪು ಮಾಡಿಕೊಟ್ಟರು. ಅದನ್ನು ಹುಬ್ಬಳ್ಳಿಗೆ ಒಯ್ದು ತೂಕ ಸರಿದೂಗಿಸಿಕೊಂಡು ಬಂದೆ. ಹದಿನೈದು ದಿನ ಬೇರೆ ಕೆಲಸಗಳೆಲ್ಲ ಹಿಂದೆ ಬಿದ್ದವು. ಎಲ್ಲ ಜೋಡಿಸಿ, ನಾನೇ ಕೂತು, ಎಡಗಾಲಿನ ಹೆಬ್ಬೆರಳೊಂದರಿಂದಲೇ ಪೆಡಲ್ ಒತ್ತಿ ನೋಡಿದೆ. ಕೆಳಗಿಳಿಯಿತು.

ಅಕ್ಕೋರು ಬಂದ ದಿನ ಬಿಸಿಲು ಚುರುಕಾಗಿತ್ತು. ಪೆಡಲ್ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಪಕ್ಕದ ಬಾಗಿಲು ತೆರೆದು ಹತ್ತು ಎಂದು ಸನ್ನೆ ಮಾಡಿದರು. ಬಾಳೆಗುಳಿಯಿಂದ ನೇರ ಅರಬೈಲಿಗೆ. ಘಟ್ಟದ ಬುಡದಲ್ಲಿ ಅವರು ಸೀಟಿನಲ್ಲಿ ತುಸು ಮುಂದಕ್ಕೆ ಸರಿದು ಕೂತರು. ಮೂರನೆಯ ತಿರುವಿನಲ್ಲಿ ಭಾರ ಹೊತ್ತ ಲಾರಿಯೊಂದು ಏದುಸಿರು ಬಿಡುತ್ತ ಏರುತ್ತಿತ್ತು. ಹಿಂದೆಯೇ ಉಳಿಯುತ್ತಾರೆ ಅಂದುಕೊಂಡೆ. ರಸ್ತೆ ನೇರವಾದದ್ದೇ ಅಕ್ಕೋರು ಗೇರ್ ಇಳಿಸಿ ಒತ್ತಿದರು. ನನ್ನ ಕಿವಿಯೆಲ್ಲ ಕ್ಲಚ್ಚಿನ ಮೇಲಿತ್ತು. ಜಾರಲಿಲ್ಲ. ಕಾರು ನಮ್ಮಿಬ್ಬರನ್ನೂ ಸೀಟಿಗೆ ಒರಗಿಸಿಕೊಂಡು ಲಾರಿಯನ್ನು ದಾಟಿತು.

ಘಟ್ಟದ ಮೇಲೆ ಒಂದು ಮರದ ನೆರಳಿನಲ್ಲಿ ನಿಲ್ಲಿಸಿದರು. ಟರ್ಬೊ ತಣಿಯಲೆಂದು ಎಂಜಿನ್ ಸ್ವಲ್ಪ ಹೊತ್ತು ಚಾಲೂ ಇಟ್ಟರು. ಅದನ್ನು ತಮ್ಮ ಹೇಳಿಕೊಟ್ಟಿದ್ದನಂತೆ. ಆ ಸದ್ದಿನ ನಡುವೆಯೇ ಮಾತು ತೆಗೆದರು.

“ಶನಿವಾರ ಸಂಜಿಗೆ ಅಂವ ಗೋವಾದಿಂದ ಬರೂದು. ಗುಡ್ಡದ ತಿರುವಿನಲ್ಲಿ ಗೇರ್ ಇಳಿಸಿದ್ದು ಅಡುಗೆ ಮನೆಗೆ ಕೇಳ್ತಿತ್ತು. ಆಗ ನಾನು ಬಂಗಡೆ ಕಾವಲಿಗೆ ಹಾಕೂದು. ಅಂವ ಕೈಕಾಲು ತೊಳ್ದು ಬರೂದ್ರೊಳಗೆ ಆಗಿರ್ತಿತ್ತು.” ಸ್ಟೀರಿಂಗ್ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ, “ಈಗ ಯಾವ ಗಾಡಿ ಬಂದ್ರೂ ಕಿವಿ ಅತ್ಲಾಗೇ ಹೋಗ್ತದೆ ನೋಡು,” ಎಂದರು.

ನನಗೆ ತಡೆಯಲಾಗಲಿಲ್ಲ. ಎಂಜಿನ್ನನ್ನು ಮೊದಲಿನಂತೆ ಮಾಡಿಸಿ ಅವರಿಗೆ ಸುಳ್ಳು ಹೇಳಲು ಹೊರಟಿದ್ದೆನೆಂದು ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೀಲಿ ತಿರುಗಿಸಿ ಎಂಜಿನ್ ಆರಿಸಿದರು. ಕಾಡು ಒಮ್ಮೆಲೇ ಗವ್ವೆಂದಿತು.

“ಚಾಲೂ ಮಾಡಿದ ಕೂಡ್ಲೆ ನನಗೆ ಗೊತ್ತಾಗ್ತಿತ್ತು,” ಎಂದರು. “ಆದ್ರೆ ನಿನಗೆ ಹೇಳ್ತಿರ್ಲಿಲ್ಲ.”

ಅಲ್ಲಿಂದ ನಾಲ್ಕು ವರ್ಷ ಅವರು ಆ ಕಾರು ಓಡಿಸಿದರು. ಎರಡು ಮೂರು ತಿಂಗಳಿಗೊಮ್ಮೆ ಏನಾದರೊಂದು ನೆಪ ಹಿಡಿದು ಬಾಳೆಗುಳಿಗೆ ಬರುತ್ತಿದ್ದರು. ಎಣ್ಣೆ ಬದಲಿಸಬೇಕೆನ್ನುವರು. ಎಲ್ಲೋ ಕಿರಕಿರ ಅನ್ನುತ್ತದೆ ನೋಡು ಎನ್ನುವರು, ನೋಡಿದರೆ ಏನೂ ಇರುತ್ತಿರಲಿಲ್ಲ. ಕಾಗದದ ಪೊಟ್ಟಣದಲ್ಲಿ ಒಣ ಶೆಟ್ಲಿ, ಅಂದರೆ ಸಿಗಡಿ, ತಂದು ಹೆಂಡತಿಗೆ ಕೊಡೆಂದು ಬೆಂಚಿನ ಮೇಲಿಡುವರು. ಚಹ ಕುಡಿಯುತ್ತ ನನ್ನ ಕೆಲಸ ನೋಡುವರು. ನಾನು ಏನನ್ನು ಬಿಚ್ಚುತ್ತಿದ್ದರೂ ಅದು ಏನು, ಯಾಕೆ ಹಾಗಿದೆ ಎಂದು ಕೇಳುವರು. ಹೇಳುತ್ತ ಹೇಳುತ್ತ ನನಗೇ ಗೊತ್ತಿಲ್ಲದ್ದು ಯಾವುದೆಂದು ಗೊತ್ತಾಗುತ್ತಿತ್ತು. ಒಮ್ಮೆ ಸದಾಶಿವಗಡಕ್ಕೆ ಊಟಕ್ಕೆ ಬಾ ಎಂದಿದ್ದರು. ಮಳೆ ಕಳೆಯಲಿ ಎಂದಿದ್ದೆ. ಮಳೆ ಕಳೆಯಿತು, ಮತ್ತೊಂದು ಮಳೆಯೂ ಕಳೆಯಿತು...

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳಾದ ಮೇಲೆ. ಮೀನಿನ ಗಾಡಿಯವರೊಬ್ಬರು ಬೇರೇನೋ ಮಾತಿನ ನಡುವೆ ಹೇಳಿದರು. ಮರುದಿನ ಗ್ಯಾರೇಜಿಗೆ ಬಾಗಿಲು ಹಾಕಿ ಸದಾಶಿವಗಡಕ್ಕೆ ಹೋದೆ. ಮನೆಯಲ್ಲಿದ್ದವರು ಅಕ್ಕೋರ ಅಕ್ಕನ ಮಗಳು. ನಾನು ಯಾರೆಂದು ಕೇಳಿದರು. ಅಕ್ಕೋರ ಹತ್ತಿರ ಕಲಿತವ ಎಂದೆ. ಅಂಥವರು ದಿನಕ್ಕೆ ಇಬ್ಬರಾದರೂ ಬರುತ್ತಾರೆ ಎಂದು ನೀರು ಕೊಟ್ಟರು. ಅಂಗಳದಲ್ಲಿ ಕಾರು ಇರಲಿಲ್ಲ. ಕೇಳಿದೆ. ಬೆಳಗಾವಿ ಕಡೆಯವರಿಗೆ ಕೊಟ್ಟಾಯಿತಂತೆ. ಡೀಸೆಲ್ ತುಂಬ ಕುಡಿಯುತ್ತಿದ್ದುದರಿಂದ ಕೊಂಡವರು ಎಂಜಿನ್ನನ್ನು ಮೊದಲಿನ ಹಾಗೆ ಸಾದಾ ಮಾಡಿಸಿಕೊಂಡರಂತೆ, ಈಗ ಚೆನ್ನಾಗಿ ಓಡುತ್ತಿದೆಯಂತೆ. ಅವರು ಒಳ್ಳೆಯ ಸುದ್ದಿಯೆಂದೇ ಹೇಳಿದರು. ನಾನು ಹೌದೆಂದು ತಲೆಯಾಡಿಸಿ, ಲೋಟ ಕೆಳಗಿಟ್ಟು ಬಂದೆ. ಕಾಳಿ ಹೊಳೆಯ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಾಚೆ ದೋಣಿಗಳು ಬರುತ್ತಿದ್ದವು. ನೋಡುತ್ತ ಕೂತೆ. ಬಾಳೆಗುಳಿಯಲ್ಲಿ ಇಳಿಯುವುದು ಮರೆತು ಮುಂದಿನ ನಿಲ್ದಾಣದಿಂದ ಹಿಂದಕ್ಕೆ ನಡೆದೆ.

ಹೋದ ವಾರದ ಆ ಕಪ್ಪು ಕಾರಿನ ಕೆಲಸ ನಿನ್ನೆ ಮುಗಿಯಿತು. ಅದಕ್ಕೂ ಅಗಲದ ಪ್ಲೇಟನ್ನೇ ಹಾಕಿದೆ. ಕಾರಿನವರು ಘಟ್ಟದ ತನಕ ಓಡಿಸಿ ಬಂದು, ಇಷ್ಟು ಹಗುರದ ಪೆಡಲಿನಲ್ಲಿ ಇಷ್ಟು ಹಿಡಿತ ಹೇಗೆ ಬಂತು, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಹಿಂದೆ ಒಬ್ಬರು ಅಕ್ಕೋರ ಕಾರಿಗೆಂದು ಹುಡುಕಿದ್ದೆ ಎಂದೆ. ಅವರಿಗೆ ಕುತೂಹಲವಾಯಿತು. ಆ ಕಾರು ಈಗ ಎಲ್ಲಿದೆ, ನೋಡಲು ಸಿಕ್ಕೀತೇ ಎಂದರು. ಗೊತ್ತಿಲ್ಲ ಎಂದೆ. ಅಕ್ಕೋರ ವಿಷಯ ಅವರು ಕೇಳಲಿಲ್ಲ. ಕೇಳಿದ್ದರೆ ಚಹ ತರಿಸಿ ಕೂರಿಸಿಕೊಳ್ಳುತ್ತಿದ್ದೆ.