ಬೆವರದ ಕೈ

ಇದನ್ನು ಹೇಳಿದಾಗಲೆಲ್ಲ ಏನೋ ಒಂದು ಬದಲಾಗುತ್ತದೆ. ಒಮ್ಮೆ ಬಾಗಿಲು ಮುಚ್ಚಿತ್ತು ಅನ್ನುತ್ತೇನೆ, ಇನ್ನೊಮ್ಮೆ ಅರೆ ತೆರೆದಿತ್ತು ಅನ್ನುತ್ತೇನೆ. ಬಾಗಿಲಿನ ವಿಷಯ ನಂಬಬೇಡಿ. ಕೈ ಮಾತ್ರ ಇತ್ತು. ಮುಟ್ಟಿದವಳು ನಾನು.

ವಿಜಯಪುರದ ಬೇಸಿಗೆಯಲ್ಲಿ ಹಗಲು ಈಥರ್ ಎಂಬ ದ್ರಾವಕ ಬಳಸಿ ಕೆಲಸ ಮಾಡಲಾಗದು. ಕೋಣೆಯ ಕಾವಿಗೇ ಅದು ಕುದಿದು ಆವಿಯಾಗಿಬಿಡುತ್ತದೆ. ಹಾಗಾಗಿ ಬಿಸಿಲು ಏರಿತೆಂದರೆ ನಮ್ಮ ಪ್ರಯೋಗಾಲಯದಲ್ಲಿ ರಾತ್ರಿಯೇ ದುಡಿಮೆ. ಆ ರಾತ್ರಿ ಇದ್ದದ್ದು ನಾನು ಮತ್ತು ನನಗಿಂತ ಕಿರಿಯ ಸಂಶೋಧಕ ಬಸು.

ಕೆಲಸ ಹೇಳಲು ಸುಲಭ. ನಾನು ತಯಾರಿಸಿದ ಒಂದು ಬ್ರೋಮೈಡನ್ನು, ಒಣ ಈಥರಿನಲ್ಲಿರುವ ಮೆಗ್ನೀಸಿಯಮ್ ಚೂರುಗಳ ಮೇಲೆ ಹನಿಹನಿಯಾಗಿ ಬಿಡಬೇಕು. ಲೋಹ ಸೇರಿಕೊಂಡರೆ ಬ್ರೋಮೈಡಿನಲ್ಲಿರುವ ಇಂಗಾಲದ ಸ್ವಭಾವವೇ ತಿರುಗಿಬಿಡುತ್ತದೆ. ಅಲ್ಲಿಯವರೆಗೆ ಬೇರೆಯವರ ಹಿಡಿತಕ್ಕೆ ಸಿಗುತ್ತಿದ್ದದ್ದು ತಾನೇ ಹೋಗಿ ಇನ್ನೊಂದು ಅಣುವನ್ನು ಹಿಡಿಯುತ್ತದೆ. ಆದರೆ ಸ್ವಲ್ಪ ತೇವವಿದ್ದರೂ ಎಲ್ಲ ಕೆಟ್ಟ ಹಾಗೆ.

ನನ್ನದು ಕೆಡುತ್ತಲೇ ಇತ್ತು. ಗಾಜು ಕಾಯಿಸಿದೆ, ಈಥರನ್ನು ಮತ್ತೆ ಒಣಗಿಸಿದೆ, ಹೊಸ ಮೆಗ್ನೀಸಿಯಮ್ ತರಿಸಿದೆ... ಏನೂ ಆಗಲಿಲ್ಲ. ಬ್ರೋಮೈಡ್ ತಳ ಕಂಡಿತ್ತು. ಇದೂ ಹೋದರೆ ಈ ವಿಷಯವನ್ನೇ ಬಿಡು ಎಂದು ನಮ್ಮ ಗೈಡ್ ಸರ್ ಹೇಳಿಬಿಟ್ಟಿದ್ದರು.

“ಅಕ್ಕಾ, ಮತ್ತ ಸತ್ತತೇನ್ರಿ?” ಬಸು ಕೇಳಿದ.

“ಸಾಯಾಕ ಮೊದಲ ಹುಟ್ಟಬೇಕಲೋ.”

“ನಿಮ್ಮ ಅಂಗೈ ಬೆವರು ನೋಡಿ ಮುನಿಸ್ಕೊಂಡೈತ್ರಿ ಅದು.”

“ಬಾಯಿ ಮುಚ್ಕೊಂಡು ಐಸ್ ತಗೊಂಬಾ ಹೋಗಲೇ.”

ಅವನು ಗಾಡಿ ಹತ್ತಿ ಗಾಂಧಿ ಚೌಕದ ಕಡೆ ಹೋದ.

ಈಥರಿನ ಹತ್ತಿರ ಬೆಂಕಿ ತರುವಂತಿಲ್ಲ. ಕ್ರಿಯೆ ಶುರುವಾಗದ ಫ್ಲಾಸ್ಕಿಗೆ ಅಂಗೈಯ ಕಾವು ಕೊಡುವುದು ನಮ್ಮ ರೂಢಿ. ಸ್ಟ್ಯಾಂಡಿಗೆ ಬಿಗಿದ ಫ್ಲಾಸ್ಕಿನ ಈಚೆ ಬದಿಯನ್ನು ಬಲಗೈಯಲ್ಲಿ ಹಿಡಿದು ಕೂತೆ. ಎಡಗೈ ಬ್ರೋಮೈಡ್ ಬಿಡುವ ತಿರುಪಿನ ಮೇಲೆ. ಒಳಗೆ ಹಾಕಿದ ಅಯೋಡಿನ್ನಿನ ಕಂದು ಬಣ್ಣ ಮಾಸಿದರೆ ಶುರುವಾಯಿತೆಂದು ಅರ್ಥ. ಮಾಸಲಿಲ್ಲ. ಅಳು ಬರುವಷ್ಟು ಸಿಟ್ಟು ಬಂತು.

“ಯಾರರೇ ಬಂದು ಹಿಡೀರಿ ಇದನ್ನ,” ಅಂದೆ. “ನನಗ ಸಾಕಾಗೇತಿ.”

ಯಾರಿಗೆ ಅಂದೆನೋ.

ಕರೆಂಟು ಹೋಯಿತು.

ಫ್ಯಾನು ಕಿರುಗುಟ್ಟುತ್ತ ನಿಂತಿತು. ನೀರಿನ ಪಂಪು ಸುಮ್ಮನಾಯಿತು. ಈಥರಿನ ಸಿಹಿ ವಾಸನೆ, ಅದರೊಳಗೆ ಇನ್ನೊಂದು... ಕಾದ ಮಣ್ಣಿನಂಥದ್ದು. ತೇವದ ಗಾಳಿ ಒಳಬರದಂತೆ ಮೇಲೆ ಕಟ್ಟಿದ್ದ ನೈಟ್ರೋಜನ್ ಬಲೂನು ಕಿರ್... ಎಂದು ಹಿಗ್ಗಿತು. ಕುಗ್ಗಿತು. ಮತ್ತೆ ಹಿಗ್ಗಿತು.

ಬಲಗೈ ಬೆರಳುಗಳನ್ನು ಆಚೆ ಬದಿಗೆ ಸರಿಸಿದೆ. ಗಾಜು ಸಿಗಲಿಲ್ಲ.

ಒಂದು ಕೈ ಸಿಕ್ಕಿತು.

ಅಗಲ ಕೈ. ಬಿಸಿ. ಆ ಸೆಕೆಯಲ್ಲಿ ನನ್ನ ಮೊಣಕೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಆ ಕೈಯಲ್ಲಿ ಒಂದಿಷ್ಟೂ ತೇವವಿರಲಿಲ್ಲ.

“ಬಸು... ಬಂದಿಯೇನೋ?”

ಫ್ಲಾಸ್ಕಿನೊಳಗೆ ಗುಳುಗುಳು ಸದ್ದು ಎದ್ದಿತು.

ಓಡಬೇಕಿತ್ತು. ಓಡಲಿಲ್ಲ. ಕುದಿಯುತ್ತಿತ್ತಲ್ಲ, ಅಷ್ಟು ದಿನಗಳ ನಂತರ ಕುದಿಯುತ್ತಿತ್ತಲ್ಲ! ಆ ಕೈಯ ಪಕ್ಕದಲ್ಲೇ ಕೈ ಇಟ್ಟುಕೊಂಡು, ಕತ್ತಲಲ್ಲಿ ತಿರುಪು ಸಡಿಲಿಸಿ ಹನಿ ಬಿಡುತ್ತ ಹೋದೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಬೆರಳುಗಳ ಕೆಳಗೆ ಈಗ ಬರಿ ಗಾಜು. ಬಸು ಮೊಬೈಲ್ ಬೆಳಕು ಬಿಟ್ಟ.

“ಅಕ್ಕಾ, ಬಣ್ಣ ಹೋಗೇತ್ರಿ.” ಆಮೇಲೆ ದನಿ ತಗ್ಗಿಸಿದ. “ಇದೇನ್ರಿ ಈ ಕಡೆ?”

ಈಚೆ ನನ್ನ ಬೆವರಿನ ಗುರುತು. ಆಚೆ, ಐದು ಬೆರಳಿನ ಬಿಳಿ ಧೂಳು. ಕುದಿ ಮಿತಿಮೀರುತ್ತಿತ್ತು, ಫ್ಲಾಸ್ಕನ್ನು ಐಸಿನೊಳಗೆ ಇಳಿಸಲೇಬೇಕಾಯಿತು. ಎರಡೂ ಗುರುತು ತೊಳೆದುಹೋದವು. ಧೂಳನ್ನು ನಾನು ಕಂಡೆನೋ, ಬಸು ಹೇಳಿದ್ದಕ್ಕೆ ಕಂಡಂತಾಯಿತೋ, ಈಗ ಹೇಳಲಾರೆ.

ಬೇಕಾದ ವಸ್ತು ಸಿಕ್ಕಿತು. ಸರ್ ಹಿಗ್ಗಿದರು.

“ಚಲೋ ಆತವಾ. ಇನ್ನೊಮ್ಮೆ ಮಾಡಿ ತೋರ್ಸು. ಒಮ್ಮೆ ಬಂದದ್ದನ್ನ ಯಾರೂ ಒಪ್ಪೂದಿಲ್ಲ.”

ಮತ್ತೆ ಬ್ರೋಮೈಡ್ ತಯಾರಿಸಿದೆ. ಅದೇ ಈಥರ್, ಅದೇ ಮೆಗ್ನೀಸಿಯಮ್, ಅದೇ ಮೇಜು. ತಲೆಯ ಮೇಲೆ ದೀಪ ಉರಿಯುತ್ತಿರುತ್ತದೆ. ಕಂದು ಬಣ್ಣ ಕದಲುವುದಿಲ್ಲ.

ನಿನ್ನೆ ಬಸು ಬೇಸತ್ತು ಕೇಳಿದ: “ತಿರುಪು ನಾ ನೋಡ್ಕೊಂತೇನಿ, ನೀವು ಎರಡೂ ಕೈಲೆ ಹಿಡೀಬಾರದೇನ್ರಿ? ಆ ಕಡೆ ಯಾರಿಗಿ ಬಿಟ್ಟೀರಿ?”

ನೋಡಿಕೊಂಡೆ. ನನ್ನ ಎಡಗೈ ಮಡಿಲಲ್ಲಿತ್ತು, ಫ್ಲಾಸ್ಕಿನ ಆಚೆ ಬದಿ ಖಾಲಿ. ದೀಪದ ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಬ್ರೋಮೈಡ್ ಮತ್ತೆ ತಳ ಕಾಣುತ್ತಿದೆ...